ಪಿಸಿಯದು ಪಿಸಿಗೆ, ಬೋರ್ಡಿನದು ಬೋರ್ಡಿಗೆ: ಕ್ರಾಸ್ ಕಂಪೈಲ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಮೇಜಿನ ಮೇಲೆ ಕಂಪೈಲ್ ಆಗಿ, ಮದ್ದೂರಿನ ಕಡೆ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಕಂಬಕ್ಕೆ ಕಟ್ಟಿದ ಪೆಟ್ಟಿಗೆಯೊಳಗೆ ಓಡಬೇಕಾದ ತಂತ್ರಾಂಶವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನೀರಿನ ಮಟ್ಟ ಅಳೆದು ಕಳಿಸುವುದು ಪೆಟ್ಟಿಗೆಯ ಕೆಲಸ. ಒಳಗೆ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡು: 1 ಗಿಗಾಹರ್ಟ್ಸ್‌ನ ಆರ್ಮ್ ಕಾರ್ಟೆಕ್ಸ್-ಎ8, 512 ಎಂಬಿ ರ‍್ಯಾಮ್. ಆರ್‌ಎಸ್-485 ತಂತಿಯ ಮೇಲೆ ಸೆನ್ಸರ್ ಓದಲು ಲಿಬ್‌ಮಾಡ್‌ಬಸ್, ಅಳತೆ ಕೂಡಿಡಲು ಎಸ್‌ಕ್ಯೂಲೈಟ್, ಕಳಿಸಲು ಮೊಸ್ಕಿಟೊ, ಗೂಢಲಿಪಿಗೆ ಓಪನ್‌ಎಸ್‌ಎಸ್‌ಎಲ್, ಕಡತ ಕುಗ್ಗಿಸಲು ಝಡ್‌ಲಿಬ್. ಇವನ್ನೆಲ್ಲ ಎಕ್ಸ್86-64 ಪಿಸಿಯಲ್ಲಿ ಕೂತು ಆರ್ಮ್‌ಗೆ ಕಂಪೈಲ್ ಮಾಡಬೇಕು. ಒಂದು ಬಗೆಯ ಯಂತ್ರದಲ್ಲಿ ಕೂತು ಇನ್ನೊಂದು ಬಗೆಯದಕ್ಕೆ ಕಂಪೈಲ್ ಮಾಡುವ ಇದೇ ಕ್ರಾಸ್ ಕಂಪೈಲ್.

ಇಲ್ಲಿ ಬರುವ ದೋಷ ಸಂದೇಶಗಳು ನೂರಾರು ಬಗೆ. ಬೇರು ಹಿಡಿದು ನೋಡಿದರೆ ಬಹುಪಾಲು ಎರಡೇ: ಪಿಸಿಯ ಹೆಡರೋ ಲೈಬ್ರರಿಯೋ ಬೋರ್ಡಿನ ಬಿಲ್ಡ್‌ನೊಳಗೆ ನುಸುಳಿರುತ್ತದೆ, ಇಲ್ಲವೇ ಬೋರ್ಡಿಗೆಂದು ಕಟ್ಟಿದ ಪ್ರೋಗ್ರಾಮನ್ನು ಬಿಲ್ಡ್ ಪಿಸಿಯಲ್ಲೇ ಓಡಿಸಲು ಹೋಗಿರುತ್ತದೆ. ಕ್ರಾಸ್ ಕಂಪೈಲ್‌ಗೆ ಸಂಬಂಧವೇ ಇಲ್ಲದ, ಹಳೆಯ ಕೋಡಿಗೂ ಹೊಸ ಕಂಪೈಲರಿಗೂ ಹೊಂದದ ತಂಟೆಗಳೂ ಇವುಗಳ ವೇಷದಲ್ಲಿ ಬರುತ್ತವೆ. ಎದುರಿಗಿರುವುದು ಯಾವುದೆಂದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ. ಗೊತ್ತಾಗದೆ ಫ್ಲ್ಯಾಗ್ ಸೇರಿಸುತ್ತಾ ಹೋದರೆ ಬಿಲ್ಡ್ ಹೇಗೋ ಮುಗಿಯುತ್ತದೆ, ಆಮೇಲೆ ಮದ್ದೂರಿನವರೆಗೆ ಹೋಗಿ ಕಂಬ ಹತ್ತಬೇಕಾಗುತ್ತದೆ.

ಆಜ್ಞೆ, ಕಡತದ ಹೆಸರು, ದೋಷ ಸಂದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಎಂದಿನ ಅಕ್ಷರಗಳಲ್ಲೇ ಟೈಪ್ ಮಾಡಿ. 'ಹೋಸ್ಟ್' ಎಂಬ ಪದದ ಬಗ್ಗೆ ಮೊದಲೇ ಎಚ್ಚರ ಇರಲಿ. 'ಕಾನ್ಫಿಗರ್' ಸ್ಕ್ರಿಪ್ಟು ಹುಟ್ಟಿಸುವ ಆಟೋಟೂಲ್ಸ್‌ನಲ್ಲಿ ಹೋಸ್ಟ್ ಎಂದರೆ ಪ್ರೋಗ್ರಾಂ ಕೊನೆಗೆ ಓಡುವ ಯಂತ್ರ, ಅಂದರೆ ಬೋರ್ಡು. ಬೋರ್ಡಿನ ಇಡೀ ಲಿನಕ್ಸ್ ಇಮೇಜ್ ಕಟ್ಟಿಕೊಡುವ ಬಿಲ್ಡ್‌ರೂಟ್‌ನಲ್ಲಿ 'ಹೋಸ್ಟ್-' ಎಂದು ಶುರುವಾಗುವ ಪ್ಯಾಕೇಜ್ ಪಿಸಿಗೆ ಸೇರಿದ್ದು. ಒಂದೇ ಪದಕ್ಕೆ ಎದುರುಬದುರಾದ ಎರಡು ಅರ್ಥ. ಈ ಗೊಂದಲಕ್ಕೆ ಸಿಗದಿರಲು ಕೆಳಗೆಲ್ಲ 'ಪಿಸಿ', 'ಬೋರ್ಡು' ಎಂದೇ ಬರೆದಿದೆ.

ಲಾಗನ್ನು ತಲೆಯ ಕಡೆಯಿಂದ ಓದಿ

ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಬರಲಿಲ್ಲವೆಂದರೆ ರೈತರು ಗದ್ದೆಯಲ್ಲೇ ನಿಂತು ಮಣ್ಣು ಕೆದಕುವುದಿಲ್ಲ. ಏರಿ ಹಿಡಿದು ಒಂದೊಂದೇ ತೂಬು ನೋಡುತ್ತಾ ಮೇಲಕ್ಕೆ ನಡೆಯುತ್ತಾರೆ. ಬಿಲ್ಡ್ ಲಾಗ್ ಓದುವುದೂ ಹಾಗೆಯೇ. ಕೊನೆಯಲ್ಲಿ ಕಾಣುವ 'ಮೇಕ್: * ಎರರ್ 2' ಎಂಬುದು 'ಗದ್ದೆ ಒಣಗಿದೆ' ಎಂಬಷ್ಟೇ ಸುದ್ದಿ. ಎಂಟು ಕೆಲಸ ಒಟ್ಟಿಗೆ ನಡೆಯುವ '-ಜೆ8' ಬಿಲ್ಡ್‌ನಲ್ಲಿ ಒಂದು ಸತ್ತ ಮೇಲೂ ಉಳಿದ ಏಳು ತಮ್ಮ ಪಾಡಿಗೆ ಸಾಲು ಮುದ್ರಿಸುತ್ತಿರುತ್ತವೆ, ನಿಜವಾದ ದೋಷ ಇನ್ನೂರು ಸಾಲು ಮೇಲೆ ಹೂತುಹೋಗಿರುತ್ತದೆ.

ಆದ್ದರಿಂದ ಮೊದಲು 'ಮೇಕ್ -ಜೆ1 ವಿ=1' ಎಂದು ಓಡಿಸಿ, ಎರಡೂ ಔಟ್‌ಪುಟ್‌ಗಳನ್ನು (ಸಾಮಾನ್ಯದ್ದು, ದೋಷದ್ದು) 'ಟೀ' ಮೂಲಕ ಕಡತಕ್ಕೆ ಹಾಕಿಕೊಳ್ಳಿ. 'ವಿ=1' ಇಲ್ಲದಿದ್ದರೆ 'ಸಿಸಿ ಫೂ.ಓ' ಎಂಬಷ್ಟೇ ಕಾಣುತ್ತದೆ, ಯಾವ ಕಂಪೈಲರ್, ಯಾವ '-ಐ' (ಹೆಡರ್ ದಾರಿ), ಯಾವ '-ಎಲ್' (ಲೈಬ್ರರಿ ದಾರಿ) ಎಂಬುದು ಕಾಣದು. ನಮಗೆ ಬೇಕಾದ್ದು ಅದೇ. ಸಿಮೇಕ್ ಹುಟ್ಟಿಸಿದ ಮೇಕ್‌ಫೈಲ್ ಆದರೆ 'ವರ್ಬೋಸ್=1', ನಿಂಜಾ ಆದರೆ 'ನಿಂಜಾ -ವಿ'. ನಂತರ ಲಾಗ್‌ನಲ್ಲಿ 'ಎರರ್:' ಎಂಬ ಮೊದಲ ಸಾಲು ಹುಡುಕಿ, ಅದರ ಹಿಂದಿನ ಪೂರ್ತಿ ಕಂಪೈಲ್ ಆಜ್ಞೆ ಓದಿ.

'-ಜೆ1'ರಲ್ಲಿ ಗೆದ್ದು '-ಜೆ8'ರಲ್ಲಿ ಸೋತರೆ ಟೂಲ್‌ಚೈನ್ (ಕಂಪೈಲರ್, ಲಿಂಕರ್ ಮುಂತಾದವುಗಳ ಕಟ್ಟು) ಮೇಲೆ ಅನುಮಾನ ಬೇಡ. ಮೇಕ್‌ಫೈಲ್‌ನಲ್ಲಿ ಯಾವುದರ ಮೇಲೆ ಯಾವುದು ಅವಲಂಬಿಸಿದೆ ಎಂದು ಬರೆಯುವುದನ್ನು ಮರೆತಿದ್ದಾರೆ. ಬಿಲ್ಡ್‌ರೂಟ್‌ನಂತೆಯೇ ಇಮೇಜ್ ಕಟ್ಟುವ ಯೋಕ್ಟೊದಲ್ಲಿ ಆ ಪ್ಯಾಕೇಜಿಗೆ ಮಾತ್ರ 'ಪ್ಯಾರಲಲ್_ಮೇಕ್' ಖಾಲಿ ಬಿಡಿ. ಬಿಲ್ಡ್‌ರೂಟ್‌ನಲ್ಲಿ 'ಮೇಕ್1' ಬಳಸಿ.

ಕಾನ್ಫಿಗರ್ ಹಂತದ ದೋಷಕ್ಕೆ ನೋಡಬೇಕಾದ್ದು 'ಕಾನ್ಫಿಗ್.ಲಾಗ್'. ಬಿಲ್ಡ್‌ರೂಟ್‌ನಲ್ಲಿ ಅದು 'ಔಟ್‌ಪುಟ್/ಬಿಲ್ಡ್' ಒಳಗೆ ಆಯಾ ಪ್ಯಾಕೇಜಿನ ಕೋಶದಲ್ಲಿರುತ್ತದೆ. ಯೋಕ್ಟೊದಲ್ಲಿ ಪ್ಯಾಕೇಜಿನ ಕೆಲಸದ ಕೋಶದೊಳಗಿನ 'ಟೆಂಪ್'ನಲ್ಲಿ 'ಲಾಗ್.ಡು_ಕಾನ್ಫಿಗರ್', 'ಲಾಗ್.ಡು_ಕಂಪೈಲ್' ಇರುತ್ತವೆ. ಕಾನ್ಫಿಗ್.ಲಾಗ್‌ನ ಬಾಲ ನೋಡಿ ಮೋಸಹೋಗಬೇಡಿ. ಕೊನೆಯ ನೂರಾರು ಸಾಲು ಬರೀ ವೇರಿಯಬಲ್‌ಗಳ ಪಟ್ಟಿ. 'ಕ್ಯಾಶ್ ವೇರಿಯಬಲ್ಸ್' ಎಂಬ ತಲೆಬರಹ ಹುಡುಕಿ, ಅಲ್ಲಿಂದ ಮೇಲಕ್ಕೆ ಓದಿದರೆ ಸೋತ ಪರೀಕ್ಷೆ, ಅದರ ಪುಟ್ಟ ಸಿ ಕೋಡು, ಕಂಪೈಲರ್ ಹೇಳಿದ ನಿಜವಾದ ಮಾತು ಮೂರೂ ಸಿಗುತ್ತವೆ. ಪರದೆಯ ಮೇಲೆ 'ಝಡ್‌ಲಿಬ್ ಇಲ್ಲ' ಎಂದಿರುತ್ತದೆ. ಲಾಗ್ ತೆರೆದರೆ ಝಡ್‌ಲಿಬ್ ಇದೆ, ಆದರೆ ಅದು ಪಿಸಿಯದು ಎಂದು ಲಿಂಕರ್ ದೂರಿರುತ್ತದೆ. ಎರಡಕ್ಕೂ ಮದ್ದು ಬೇರೆ.

ಇದು ಯಾವ ಯಂತ್ರದ ಕಡತ?

ಊಹೆ ಮಾಡುವ ಮೊದಲು ಕಡತವನ್ನೇ ಕೇಳಿ. 'ಫೈಲ್' ಆಜ್ಞೆ ಸಾಕಾಗುತ್ತದೆ. 'ರೀಡ್‌ಎಲ್ಫ್ -ಎಚ್' ಕೊಟ್ಟರೆ 'ಮಶೀನ್' ಸಾಲಿನಲ್ಲಿ ಆರ್ಮ್, ಎಆರ್ಚ್64, ಅಥವಾ ಅಡ್ವಾನ್ಸ್ಡ್ ಮೈಕ್ರೋ ಡಿವೈಸಸ್ ಎಕ್ಸ್86-64 ಎಂದು ತೋರಿಸುತ್ತದೆ. ಪಿಸಿಯಲ್ಲಿ ಇರುವುದು ಇಂಟೆಲ್ ಚಿಪ್ಪಾದರೂ ಹೆಸರು ಎಎಂಡಿಯದೇ. ಆ 64 ಬಿಟ್ ವಿನ್ಯಾಸ ಮೊದಲು ಅವರದು. ಗಾಬರಿ ಬೇಡ.

ಲಿಂಕರ್ 'ಫೈಲ್ ಇನ್ ರಾಂಗ್ ಫಾರ್ಮ್ಯಾಟ್' ಎಂದರೆ ಹೆಚ್ಚಿನ ಸಲ ಹಳೆಯ '.ಓ' ಕಡತ ಉಳಿದಿದೆ ಎಂದರ್ಥ. ಒಮ್ಮೆ ಪಿಸಿಗೆ ಬಿಲ್ಡ್ ಮಾಡಿ ನೋಡಿ, ಅದೇ ಕೋಶದಲ್ಲಿ ಬೋರ್ಡಿಗೆ ಬಿಲ್ಡ್ ಮಾಡಿದರೆ ಇದು ಖಂಡಿತ. 'ಮೇಕ್ ಕ್ಲೀನ್' ಸಾಲದು, ಕಾನ್ಫಿಗರ್‌ನ ಉತ್ತರಗಳೂ ಹೋಗಬೇಕು: 'ಮೇಕ್ ಡಿಸ್ಟ್‌ಕ್ಲೀನ್' ಮಾಡಿ. ಬೋರ್ಡಿಗೊಂದು, ಪಿಸಿಗೊಂದು ಬೇರೆ ಬಿಲ್ಡ್ ಕೋಶ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

'ಆರ್ಕೈವ್ ಹ್ಯಾಸ್ ನೋ ಇಂಡೆಕ್ಸ್. ರನ್ ರ‍್ಯಾನ್‌ಲಿಬ್' ಎಂದು ಬಂದರೆ '.ಎ' ಲೈಬ್ರರಿಯನ್ನು ಪಿಸಿಯ 'ಎಆರ್' ಕಟ್ಟಿದೆ ಎಂದು ಅನುಮಾನಿಸಿ. 'ಸಿಸಿ' ಒಂದನ್ನೇ ಬದಲಿಸಿ ಬಿಡುವವರಿಗೆ ಬರುವ ತೊಂದರೆ ಇದು. 'ಸಿಸಿ', 'ಸಿಎಕ್ಸ್‌ಎಕ್ಸ್', 'ಎಆರ್', 'ರ‍್ಯಾನ್‌ಲಿಬ್', 'ಎಲ್‌ಡಿ', 'ಎನ್‌ಎಂ', 'ಸ್ಟ್ರಿಪ್' ಏಳನ್ನೂ ಕೊಡಿ. ಇನ್‌ಸ್ಟಾಲ್ ಹಂತದಲ್ಲಿ ಸ್ಟ್ರಿಪ್ 'ಅನೇಬಲ್ ಟು ರೆಕಗ್ನೈಸ್ ದ ಫಾರ್ಮ್ಯಾಟ್' ಎಂದರೆ ಮೇಕ್‌ಫೈಲ್‌ನಲ್ಲಿ ಎಲ್ಲೋ 'ಇನ್‌ಸ್ಟಾಲ್ -ಎಸ್' ಇದೆ, ಅದು ಪಿಸಿಯ ಸ್ಟ್ರಿಪ್ ಕರೆಯುತ್ತಿದೆ. ಆ '-ಎಸ್' ತೆಗೆದುಹಾಕಿ, ಕೊನೆಯಲ್ಲಿ ನೀವೇ ಸ್ಟ್ರಿಪ್ ಮಾಡಿ.

ಕಾನ್ಫಿಗರ್‌ನಲ್ಲೇ ನಿಂತಾಗ

'ಕ್ಯಾನಾಟ್ ರನ್ ಸಿ ಕಂಪೈಲ್ಡ್ ಪ್ರೋಗ್ರಾಮ್ಸ್. ಇಫ್ ಯು ಮೆಂಟ್ ಟು ಕ್ರಾಸ್ ಕಂಪೈಲ್, ಯೂಸ್ --ಹೋಸ್ಟ್'. ಈ ಸಂದೇಶ ತಾನೇ ಮದ್ದನ್ನೂ ಹೇಳುತ್ತದೆ. ಸಿಸಿಗೆ ಆರ್ಮ್ ಕಂಪೈಲರ್ ಕೊಟ್ಟಿದ್ದೀರಿ, ಆದರೆ ಇದು ಕ್ರಾಸ್ ಎಂದು ಸ್ಕ್ರಿಪ್ಟಿಗೆ ಹೇಳಿಲ್ಲ. '--ಹೋಸ್ಟ್=ಆರ್ಮ್-ಲಿನಕ್ಸ್-ಗ್ನುಇಎಬಿಐಎಚ್‌ಎಫ್' ಜೊತೆಗೆ '--ಬಿಲ್ಡ್=ಎಕ್ಸ್86_64-ಲಿನಕ್ಸ್-ಗ್ನು' ಎಂದೂ ಕೊಡಿ. ಎರಡೂ ಬೇರೆ ಬೇರೆ ಎಂದು ಕಂಡಾಗಲೇ ಸ್ಕ್ರಿಪ್ಟು ಖಚಿತವಾಗಿ ಕ್ರಾಸ್ ಎಂದು ತೀರ್ಮಾನಿಸುತ್ತದೆ. '--ಟಾರ್ಗೆಟ್' ಮುಟ್ಟಬೇಡಿ, ಅದು ಜಿಸಿಸಿ, ಬಿನ್‌ಯುಟಿಲ್ಸ್‌ನಂತಹ, ತಾವೇ ಮತ್ತೊಂದು ಯಂತ್ರಕ್ಕೆ ಕೋಡ್ ಹುಟ್ಟಿಸುವ ಪ್ರೋಗ್ರಾಂಗಳಿಗೆ ಮಾತ್ರ. ಹೆಸರು ನೋಡಿ 'ಟಾರ್ಗೆಟ್ ಅಂದರೆ ಬೋರ್ಡು ತಾನೆ' ಎಂದುಕೊಂಡು ಕೊಟ್ಟವರು ಕಡಿಮೆ ಇಲ್ಲ. ಕೊಟ್ಟರೆ ದೋಷವೂ ಬರುವುದಿಲ್ಲ, ಪಿಸಿಯ ಪ್ರೋಗ್ರಾಂ ಹುಟ್ಟಿ ಬರುತ್ತದೆ.

'ಮಶೀನ್ ಎಆರ್ಚ್64 ನಾಟ್ ರೆಕಗ್ನೈಸ್ಡ್' ಎಂದರೆ ಪ್ಯಾಕೇಜಿನೊಳಗಿನ 'ಕಾನ್ಫಿಗ್.ಸಬ್' ಆ ಹೆಸರು ಹುಟ್ಟುವ ಮೊದಲಿನದು. ಆಟೋಮೇಕ್ ಜೊತೆ ಬರುವ ಹೊಸ 'ಕಾನ್ಫಿಗ್.ಸಬ್', 'ಕಾನ್ಫಿಗ್.ಗೆಸ್' ಎರಡನ್ನೂ ಅದರ ಮೇಲೆ ನಕಲಿಸಿ, ಅಥವಾ 'ಆಟೋರೀಕಾನ್ಫ್ -ಎಫ್‌ಐ' ಓಡಿಸಿ. 'ಎಕ್‌ಲೋಕಲ್-1.15: ಕಮಾಂಡ್ ನಾಟ್ ಫೌಂಡ್' ಎಂಬುದಕ್ಕೂ ಅದೇ ಮದ್ದು, ಕಡತಗಳನ್ನು ನಕಲಿಸುವಾಗ ಸಮಯ ಮುದ್ರೆ ಹಿಂದುಮುಂದಾಗಿ, ಎಲ್ಲವನ್ನೂ ಮತ್ತೆ ಹುಟ್ಟಿಸಬೇಕೆಂದು ಮೇಕ್ ಭಾವಿಸಿರುತ್ತದೆ.

ಇನ್ನು 'ಕ್ಯಾನಾಟ್ ರನ್ ಟೆಸ್ಟ್ ಪ್ರೋಗ್ರಾಂ ವೈಲ್ ಕ್ರಾಸ್ ಕಂಪೈಲಿಂಗ್'. ಸ್ಕ್ರಿಪ್ಟು ಒಂದು ಪುಟ್ಟ ಪ್ರೋಗ್ರಾಂ ಓಡಿಸಿ ಉತ್ತರ ತಿಳಿಯಬೇಕೆಂದಿದೆ, ಪಿಸಿಯಲ್ಲಿ ಆರ್ಮ್ ಪ್ರೋಗ್ರಾಂ ಓಡದು. ಕಾನ್ಫಿಗ್.ಲಾಗ್‌ನಲ್ಲಿ ಆ ಪರೀಕ್ಷೆಯ 'ಎಸಿ_ಸಿವಿ_' ಎಂದು ಶುರುವಾಗುವ ಹೆಸರು ಹುಡುಕಿ, ಬೋರ್ಡಿಗೆ ಯಾವ ಉತ್ತರ ನಿಜವೋ ಅದನ್ನು ನೀವೇ ಕೊಟ್ಟುಬಿಡಿ. ಹೆಸರು ಕಾಣದಿದ್ದರೆ ಕಾನ್ಫಿಗರ್ ಸ್ಕ್ರಿಪ್ಟನ್ನೇ ತೆರೆದು, ದೋಷ ಬಂದ ಸಾಲಿನ ಸುತ್ತ ಹುಡುಕಿ. ಉತ್ತರ ಗೊತ್ತಿಲ್ಲದೆ ಸುಮ್ಮನೆ 'ಯೆಸ್' ಎನ್ನಬೇಡಿ. ಆ ಪುಟ್ಟ ಪ್ರೋಗ್ರಾಮನ್ನು ಬೋರ್ಡಿಗೆ ಕಳಿಸಿ ಒಮ್ಮೆ ಓಡಿಸಿದರೆ ಐದು ನಿಮಿಷದ ಕೆಲಸ.

ಇದರದೇ ಮೌನದ ರೂಪವೊಂದಿದೆ. ಕಾನ್ಫಿಗರ್ ಸುಗಮವಾಗಿ ಮುಗಿಯುತ್ತದೆ, ಕಂಪೈಲೂ ಆಗುತ್ತದೆ, ಲಿಂಕ್ ಹಂತದಲ್ಲಿ 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಆರ್‌ಪಿಎಲ್_ಮ್ಯಾಲಕ್' ಎಂದು ಬೀಳುತ್ತದೆ. ಲಿಬ್‌ಮಾಡ್‌ಬಸ್‌ನ ಹಳೆಯ ಆವೃತ್ತಿಗಳಲ್ಲಿ ಅನೇಕರು ಇದಕ್ಕೆ ಎಡವಿದ್ದಾರೆ. 'ಮ್ಯಾಲಕ್(0) ಕೇಳಿದರೆ ನಲ್ ಅಲ್ಲದ ವಿಳಾಸ ಬರುತ್ತದೆಯೇ' ಎಂಬ ಪರೀಕ್ಷೆಯನ್ನು ಓಡಿಸಲಾಗದ ಸ್ಕ್ರಿಪ್ಟು, ಕೇಳದೆಯೇ 'ಇಲ್ಲ' ಎಂದು ಬರೆದುಕೊಂಡು ಮ್ಯಾಲಕ್ ಎಂಬ ಹೆಸರನ್ನೇ ಆರ್‌ಪಿಎಲ್_ಮ್ಯಾಲಕ್ ಎಂದು ಬದಲಿಸಿಬಿಡುತ್ತದೆ. ಆ ಹೆಸರಿನ ಫಂಕ್ಷನ್ನನ್ನು ಪ್ಯಾಕೇಜಿನಲ್ಲಿ ಯಾರೂ ಬರೆದಿಲ್ಲ. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಉತ್ತರ 'ಹೌದು', ಆದ್ದರಿಂದ ಕಾನ್ಫಿಗರ್ ಮುಂದೆ 'ಎಸಿ_ಸಿವಿ_ಫಂಕ್_ಮ್ಯಾಲಕ್_0_ನಾನ್‌ನಲ್=ಯೆಸ್' ಎಂದು ಕೊಡಿ. ರೀಯಲಕ್‌ಗೂ ಇಂಥದೇ ಇನ್ನೊಂದಿದೆ. ಹೊಸ ಆಟೋಕಾನ್ಫ್ ಗ್ಲಿಬ್‌ಸಿ ಕಂಡರೆ ಸರಿಯಾಗಿಯೇ ಊಹಿಸುತ್ತದೆ, ಆದ್ದರಿಂದ ಆಟೋರೀಕಾನ್ಫ್ ಮಾಡಿದರೂ ಎಷ್ಟೋ ಸಲ ಹೋಗುತ್ತದೆ.

ಪಿಸಿಯದು ನುಸುಳಿದಾಗ

ಅತಿ ಹೆಚ್ಚು ಹೊತ್ತು ತಿನ್ನುವ ಭಾಗ ಇದು. ಗುರುತಿನ ಸಂದೇಶ: 'ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್ /ಯುಎಸ್‌ಆರ್/ಲಿಬ್/...ಲಿಬ್‌ಝಡ್.ಎಸ್‌ಓ', ಅದರ ಹಿಂದೆಯೇ 'ಕ್ಯಾನಾಟ್ ಫೈಂಡ್ -ಎಲ್‌ಝಡ್'. ಓದುವವರು ಎರಡನೆಯದನ್ನು ಹಿಡಿದು ಪಿಸಿಯಲ್ಲಿ ಆಪ್ಟ್ ಮೂಲಕ ಝಡ್‌ಲಿಬ್ ಹಾಕಲು ಓಡುತ್ತಾರೆ. ಪಿಸಿಯಲ್ಲಿ ಅದು ಮೊದಲೇ ಇದೆ, ಇರುವುದೇ ತೊಂದರೆ. ಲಿಂಕರ್ ಪಿಸಿಯ ಕೋಶದೊಳಗೆ ಏಕೆ ಇಣುಕಿತು ಎಂಬುದು ಕೇಳಬೇಕಾದ ಪ್ರಶ್ನೆ.

ಮೊದಲ ಆರೋಪಿ ಪಿಕೆಜಿ-ಕಾನ್ಫಿಗ್, ಯಾವ ಲೈಬ್ರರಿಗೆ ಯಾವ ಫ್ಲ್ಯಾಗ್ ಬೇಕೆಂದು ಹೇಳುವ ಸಾಧನ. ಸುಮ್ಮನೆ ಕರೆದರೆ ಅದು ಪಿಸಿಯಲ್ಲಿರುವ '.ಪಿಸಿ' ಕಡತಗಳನ್ನೇ (ಹೆಸರಷ್ಟೇ ಪಿಸಿ, ಲೈಬ್ರರಿಯ ವಿವರವಿರುವ ಪಠ್ಯ ಕಡತ) ಓದಿ ಪಿಸಿಯ ದಾರಿಗಳನ್ನೇ ಕೊಡುತ್ತದೆ. 'ಪಿಕೆಜಿ_ಕಾನ್ಫಿಗ್_ಪಾತ್' ಹಾಕಿದರೆ ಸಾಲದು, ಅದು ಹುಡುಕುವ ಪಟ್ಟಿಯ ಮುಂದೆ ಒಂದು ಕೋಶ ಸೇರಿಸುತ್ತದೆ ಅಷ್ಟೆ. ಅಲ್ಲಿ ಸಿಗದಿದ್ದರೆ ಮತ್ತೆ ಪಿಸಿಯ ಕಡೆ ಹೋಗುತ್ತದೆ. ಬೇಕಾದ್ದು 'ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್': ಇದು ಮೂಲ ಪಟ್ಟಿಯನ್ನೇ ಕಿತ್ತುಹಾಕಿ ತನ್ನದನ್ನು ಇಡುತ್ತದೆ. ಅದರಲ್ಲಿ ಸಿಸ್‌ರೂಟ್‌ನ (ಬೋರ್ಡಿನ ಹೆಡರ್, ಲೈಬ್ರರಿಗಳನ್ನು ಪಿಸಿಯಲ್ಲಿ ಕೂಡಿಟ್ಟ ಕೋಶ) 'ಯುಎಸ್‌ಆರ್/ಲಿಬ್/ಪಿಕೆಜಿಕಾನ್ಫಿಗ್' ಮತ್ತು 'ಯುಎಸ್‌ಆರ್/ಶೇರ್/ಪಿಕೆಜಿಕಾನ್ಫಿಗ್' ಎರಡನ್ನೂ ಕೋಲನ್ ಹಾಕಿ ಕೊಡಿ. ಜೊತೆಗೆ 'ಪಿಕೆಜಿ_ಕಾನ್ಫಿಗ್_ಸಿಸ್‌ರೂಟ್_ಡಿರ್' ಸಿಸ್‌ರೂಟ್‌ಗೆ ತೋರಿಸಲಿ; ಆಗ ಉತ್ತರದ '-ಐ', '-ಎಲ್' ದಾರಿಗಳ ಮುಂದೆ ಸಿಸ್‌ರೂಟ್ ಸೇರಿ ಬರುತ್ತದೆ. ಪರೀಕ್ಷೆ ಸುಲಭ: 'ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ --ಲಿಬ್ಸ್ ಲಿಬ್‌ಮಾಡ್‌ಬಸ್' ಎಂದು ಕೈಯಿಂದ ಓಡಿಸಿ, ಬಂದ ಪ್ರತಿ ದಾರಿಯೂ ಸಿಸ್‌ರೂಟ್ ಒಳಗಿದೆಯೇ ನೋಡಿ.

ಇದರ ಅಣ್ಣತಮ್ಮಂದಿರು 'ಕರ್ಲ್-ಕಾನ್ಫಿಗ್', 'ಪಿಸಿಆರ್‌ಇ-ಕಾನ್ಫಿಗ್' ಥರದ ಪುಟ್ಟ ಸ್ಕ್ರಿಪ್ಟುಗಳು. ಅವಕ್ಕೆ ಸಿಸ್‌ರೂಟ್ ಎಂಬುದೇ ಗೊತ್ತಿಲ್ಲ. ಪಾತ್‌ನಲ್ಲಿ ಮೊದಲು ಸಿಕ್ಕ ಪಿಸಿಯದು ಓಡಿ '/ಯುಎಸ್‌ಆರ್/ಇನ್‌ಕ್ಲೂಡ್' ಎಂದು ಹೇಳಿ ಹೋಗುತ್ತದೆ. ಪ್ಯಾಕೇಜ್ ಪಿಕೆಜಿ-ಕಾನ್ಫಿಗ್ ಒಪ್ಪುವುದಾದರೆ ಅದಕ್ಕೇ ಬದಲಿಸಿ.

ಲಿಬ್‌ಟೂಲ್‌ನ '.ಎಲ್‌ಎ' ಕಡತಗಳದು ಇನ್ನೊಂದು ಕಥೆ. ಅವು ಬರೀ ಪಠ್ಯ; ತೆರೆದರೆ 'ಲಿಬ್‌ಡಿರ್=/ಯುಎಸ್‌ಆರ್/ಲಿಬ್' ಎಂದು ಕಾಣುತ್ತದೆ. ಬೋರ್ಡಿನ ಮೇಲೆ ಅದು ಸರಿ. ಪಿಸಿಯಲ್ಲಿ ಲಿಂಕ್ ಮಾಡುವಾಗ ಲಿಬ್‌ಟೂಲ್ ಅದನ್ನು ಅಕ್ಷರಶಃ ನಂಬಿ ಪಿಸಿಯ '/ಯುಎಸ್‌ಆರ್/ಲಿಬ್'ಗೆ ಹೋಗುತ್ತದೆ. ಸಿಸ್‌ರೂಟ್‌ನಲ್ಲಿರುವ '.ಎಲ್‌ಎ' ಕಡತಗಳನ್ನೆಲ್ಲ ಅಳಿಸಿಬಿಡಿ. ಲಿನಕ್ಸ್‌ನಲ್ಲಿ ಹಂಚಿಕೆಯ ಲೈಬ್ರರಿಗಳಿಗೆ ಅವು ಬೇಕೇ ಇಲ್ಲ.

ಹೆಡರ್ ನುಸುಳಿದರೆ ಸಂದೇಶ ಅಷ್ಟು ನೇರ ಇರುವುದಿಲ್ಲ. ಪೈಥಾನ್ ಹೆಡರ್‌ನಿಂದ 'ಲಾಂಗ್_ಬಿಟ್ ಡೆಫಿನಿಷನ್ ಅಪಿಯರ್ಸ್ ರಾಂಗ್' ಎಂದು ಬಂದರೆ 32 ಬಿಟ್ ಬೋರ್ಡಿಗೆ 64 ಬಿಟ್ ಪಿಸಿಯ ಹೆಡರ್ ಸೇರಿದೆ. ಬಿಲ್ಡ್‌ರೂಟ್‌ನ ಕಂಪೈಲರ್ ಹೊದಿಕೆ ಇಂಥದನ್ನು ಕಂಡ ಕೂಡಲೇ 'ಅನ್‌ಸೇಫ್ ಹೆಡರ್/ಲೈಬ್ರರಿ ಪಾತ್' ಎಂದು ನಿಲ್ಲಿಸುತ್ತದೆ. ಬೈದುಕೊಂಡು ಆ ಎಚ್ಚರಿಕೆಯನ್ನು ಆರಿಸುವವರಿದ್ದಾರೆ. ಬೇಡ. ಅದು ನಿಲ್ಲಿಸದಿದ್ದರೆ ರಚನೆಗಳ ಅಳತೆ ತಪ್ಪಿದ ಪ್ರೋಗ್ರಾಂ ಬೋರ್ಡಿಗೆ ಹೋಗಿ, ಮಟ್ಟದ ಜಾಗದಲ್ಲಿ ಏನೋ ಅಂಕಿ ಕಳಿಸುತ್ತಾ ಕೂರುತ್ತದೆ. ಮೇಕ್‌ಫೈಲ್ ತೆರೆದು '-ಐ/ಯುಎಸ್‌ಆರ್/ಇನ್‌ಕ್ಲೂಡ್' ಎಂದು ಯಾರು ಬರೆದಿದ್ದಾರೋ ಹುಡುಕಿ ಆ ಸಾಲು ತೆಗೆಯಿರಿ.

'ಗ್ನು/ಸ್ಟಬ್ಸ್-ಸಾಫ್ಟ್.ಎಚ್: ನೋ ಸಚ್ ಫೈಲ್' ಎಂಬುದು ಯೋಕ್ಟೊ ಎಸ್‌ಡಿಕೆ (ಯೋಕ್ಟೊ ಕಟ್ಟಿಕೊಡುವ ಟೂಲ್‌ಚೈನ್ ಪೊಟ್ಟಣ) ಬಳಸುವವರಿಗೆ ಚಿರಪರಿಚಿತ. ಕಡತ ಹುಡುಕಿ ತಂದು ಹಾಕಬೇಡಿ. ಎಸ್‌ಡಿಕೆಯಲ್ಲಿ 'ಸಿಸಿ' ಎಂಬುದು ಬರೀ ಕಂಪೈಲರ್ ಹೆಸರಲ್ಲ; '-ಎಂಫ್ಲೋಟ್-ಎಬಿಐ=ಹಾರ್ಡ್', '--ಸಿಸ್‌ರೂಟ್' ಎಲ್ಲ ಅದರೊಳಗೇ ಇರುತ್ತವೆ. ಮೇಕ್‌ಫೈಲ್‌ನಲ್ಲಿ 'ಸಿಸಿ = ...ಜಿಸಿಸಿ' ಎಂದು ಗಟ್ಟಿಯಾಗಿ ಬರೆದಿದ್ದರೆ ಪರಿಸರದ ಸಿಸಿಯನ್ನು ಅದು ತಳ್ಳಿಹಾಕುತ್ತದೆ, ಹಾರ್ಡ್ ಫ್ಲೋಟ್ (ದಶಾಂಶ ಸಂಖ್ಯೆಗಳನ್ನು ಯಂತ್ರಾಂಶದ ರಿಜಿಸ್ಟರ್‌ಗಳಲ್ಲೇ ದಾಟಿಸುವ ಬಗೆ) ಸೂಚನೆ ಕಳೆದುಹೋಗಿ ಕಂಪೈಲರ್ ಸಾಫ್ಟ್ ಫ್ಲೋಟ್‌ನ ಕಡತ ಕೇಳುತ್ತದೆ. ಮೇಕ್‌ಗೆ ಆಜ್ಞಾಸಾಲಿನಲ್ಲೇ 'ಸಿಸಿ="$ಸಿಸಿ"' ಎಂದು ಕೊಡಿ; ಆಜ್ಞಾಸಾಲಿನ ಮಾತು ಮೇಕ್‌ಫೈಲ್‌ಗಿಂತ ಮೇಲು. ಇದೇ ಬೇರಿನ ಇನ್ನೊಂದು ಕೊಂಬೆ: 'ಯೂಸಸ್ ವಿಎಫ್‌ಪಿ ರಿಜಿಸ್ಟರ್ ಆರ್ಗ್ಯುಮೆಂಟ್ಸ್'. ಒಂದು ಲೈಬ್ರರಿ ಹಾರ್ಡ್ ಫ್ಲೋಟ್, ಇನ್ನೊಂದು ಸಾಫ್ಟ್. ಪ್ರತಿಯೊಂದಕ್ಕೂ 'ರೀಡ್‌ಎಲ್ಫ್ -ಎ' (ದೊಡ್ಡ ಅಕ್ಷರದ್ದು) ಓಡಿಸಿ, 'ಟ್ಯಾಗ್_ಎಬಿಐ_ವಿಎಫ್‌ಪಿ_ಆರ್ಗ್ಸ್' ಸಾಲು ಯಾವುದರಲ್ಲಿ ಇಲ್ಲವೋ ಅದನ್ನು ಮತ್ತೆ ಕಟ್ಟಿ.

'ಕ್ಯಾನಾಟ್ ಫೈಂಡ್ /ಲಿಬ್/ಲಿಬ್‌ಸಿ.ಎಸ್‌ಓ.6' ಎಂದಾಗ ಕಡತ ಸಿಸ್‌ರೂಟ್‌ನಲ್ಲಿ ಕಣ್ಣಿಗೆ ಕಾಣುತ್ತಿರುತ್ತದೆ, ಆದರೂ ಸಿಗುತ್ತಿಲ್ಲ. ಸಿಸ್‌ರೂಟ್‌ನ 'ಲಿಬ್‌ಸಿ.ಎಸ್‌ಓ' ಎಂಬುದು ಲೈಬ್ರರಿಯೇ ಅಲ್ಲ, ಲಿಂಕರ್ ಓದುವ ಪಠ್ಯ ಕಡತ; ಒಳಗೆ '/ಲಿಬ್/ಲಿಬ್‌ಸಿ.ಎಸ್‌ಓ.6' ಎಂದು ಬೇರಿನಿಂದ ಶುರುವಾಗುವ ದಾರಿ ಇದೆ. '--ಸಿಸ್‌ರೂಟ್' ಕೊಟ್ಟಿದ್ದರೆ ಲಿಂಕರ್ ಅದರ ಮುಂದೆ ಸಿಸ್‌ರೂಟ್ ಸೇರಿಸಿಕೊಳ್ಳುತ್ತದೆ. ಬರೀ '-ಎಲ್' ದಾರಿ ಕೊಟ್ಟಿದ್ದರೆ ಸೇರಿಸುವುದಿಲ್ಲ. ಬೋರ್ಡಿನ ಫೈಲ್ ಸಿಸ್ಟಂ ನಕಲಿಸಿ ಸಿಸ್‌ರೂಟ್ ಮಾಡಿಕೊಂಡವರು ಸಿಂಬಾಲಿಕ್ ಲಿಂಕ್‌ಗಳನ್ನೂ ನೋಡಿ. '/'ನಿಂದ ಶುರುವಾಗುವ ಲಿಂಕ್ ಪಿಸಿಯಲ್ಲಿ ಎಲ್ಲಿಗೋ ತೋರಿಸುತ್ತಿರುತ್ತದೆ. 'ಸಿಮ್‌ಲಿಂಕ್ಸ್ -ಆರ್‌ಸಿ' ಓಡಿಸಿದರೆ ಅವು ಸಾಪೇಕ್ಷ ಲಿಂಕ್‌ಗಳಾಗುತ್ತವೆ.

ಸಿಮೇಕ್ ಬಳಸುವ ಪ್ಯಾಕೇಜಿಗೆ ಟೂಲ್‌ಚೈನ್ ಕಡತ ಬರೆಯಿರಿ. 'ಸಿಮೇಕ್_ಸಿಸ್ಟಮ್_ನೇಮ್' ಲಿನಕ್ಸ್ ಎಂದಿಡಲು ಮರೆತರೆ ಸಿಮೇಕ್‌ಗೆ ಇದು ಕ್ರಾಸ್ ಎಂದೇ ಗೊತ್ತಾಗದು. 'ಸಿಮೇಕ್_ಫೈಂಡ್_ರೂಟ್_ಪಾತ್_ಮೋಡ್' ನಾಲ್ಕರಲ್ಲಿ ಪ್ರೋಗ್ರಾಂಗೆ 'ನೆವರ್'. ಲೈಬ್ರರಿ, ಇನ್‌ಕ್ಲೂಡ್, ಪ್ಯಾಕೇಜ್ ಮೂರಕ್ಕೂ 'ಓನ್ಲಿ'. ಟೂಲ್‌ಚೈನ್ ಕಡತ ತಿದ್ದಿದ ಮೇಲೆ ಹಳೆಯ ಬಿಲ್ಡ್ ಕೋಶದಲ್ಲೇ ಮತ್ತೆ ಸಿಮೇಕ್ ಓಡಿಸಿ 'ಏನೂ ಬದಲಾಗಲಿಲ್ಲ' ಎನ್ನಬೇಡಿ. ಸಿಕ್ಕ ಉತ್ತರಗಳನ್ನೆಲ್ಲ ಅದು ಕ್ಯಾಶ್‌ನಲ್ಲಿ ಬರೆದಿಟ್ಟಿರುತ್ತದೆ. ಕೋಶ ಪೂರ್ತಿ ಅಳಿಸಿ ಶುರುಮಾಡಿ.

ಬೋರ್ಡಿನದು ಪಿಸಿಯಲ್ಲಿ ಓಡಲು ಹೊರಟಾಗ

ಮೇಕ್ ಮಧ್ಯದಲ್ಲಿ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಅಥವಾ 'ಕ್ಯಾನಾಟ್ ಎಕ್ಸಿಕ್ಯೂಟ್ ಬೈನರಿ ಫೈಲ್' ಎಂದರೆ ಇದೇ. ಕೆಲವು ಪ್ಯಾಕೇಜುಗಳು ಮೊದಲು ಒಂದು ಸಹಾಯಕ ಪ್ರೋಗ್ರಾಂ ಕಟ್ಟಿ, ಅದನ್ನು ಓಡಿಸಿ ಸಿ ಕಡತ ಹುಟ್ಟಿಸಿ, ಆಮೇಲೆ ಮುಖ್ಯ ಕೆಲಸಕ್ಕೆ ಇಳಿಯುತ್ತವೆ. ಎಸ್‌ಕ್ಯೂಲೈಟ್‌ನ ಪೂರ್ಣ ಮೂಲದಲ್ಲಿ 'ಲೆಮನ್' ಅಂಥದ್ದು. ಅದನ್ನು ಪಿಸಿಯ ಕಂಪೈಲರಿನಿಂದಲೇ ಕಟ್ಟಬೇಕು. ಇದಕ್ಕೆ ಪ್ಯಾಕೇಜಿಗೊಂದು ಹೆಸರು: ಕೆಲವದರಲ್ಲಿ 'ಸಿಸಿ_ಫಾರ್_ಬಿಲ್ಡ್', ಎನ್‌ಕರ್ಸಸ್‌ನಲ್ಲಿ 'ಬಿಲ್ಡ್_ಸಿಸಿ', ಕರ್ನಲ್‌ನಲ್ಲಿ 'ಹೋಸ್ಟ್‌ಸಿಸಿ'. ಯಾವುದೂ ಇಲ್ಲದಿದ್ದರೆ ಮೇಕ್‌ಫೈಲ್‌ಗೆ ಪ್ಯಾಚ್ ಹಾಕಬೇಕು: ಆ ಒಂದು ಕಡತದ ನಿಯಮದಲ್ಲಿ ಪಿಸಿಯ ಜಿಸಿಸಿ, ಅದರ ಫ್ಲ್ಯಾಗ್‌ಗಳೂ ಬೇರೆ, ಯಾಕೆಂದರೆ '-ಎಂಸಿಪಿಯು=ಕಾರ್ಟೆಕ್ಸ್-ಎ8' ಪಿಸಿಯ ಜಿಸಿಸಿಗೆ ಕೊಟ್ಟರೆ ಅದು ಒಪ್ಪುವುದಿಲ್ಲ. ಎಸ್‌ಕ್ಯೂಲೈಟ್ ಮಟ್ಟಿಗೆ ಇಷ್ಟು ಕಷ್ಟ ಬೇಡ. ಎಲ್ಲವನ್ನೂ ಒಂದೇ 'ಎಸ್‌ಕ್ಯೂಲೈಟ್3.ಸಿ' ಕಡತಕ್ಕೆ ಸೇರಿಸಿದ ಪೊಟ್ಟಣ ಸಿಗುತ್ತದೆ, ಅದರಲ್ಲಿ ಲೆಮನ್ ಕೆಲಸ ಮೊದಲೇ ಮುಗಿದಿರುತ್ತದೆ.

ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಗೆದ್ದು ಇನ್ನೊಬ್ಬರದರಲ್ಲಿ ಸೋಲುವ ಬಿಲ್ಡ್ ಇದ್ದರೆ ಬೇರೆ ಯಂತ್ರದ ಪ್ರೋಗ್ರಾಂ ಓಡಿಸುವ ಅನುಕರಣೆ ತಂತ್ರಾಂಶ ಕ್ಯೂಎಂಯು ಮೇಲೆ ಕಣ್ಣಿಡಿ. 'ಕ್ಯೂಎಂಯು-ಯೂಸರ್' ಜೊತೆ 'ಬಿನ್‌ಫಾರ್ಮ್ಯಾಟ್' ನೋಂದಣಿ ಇದ್ದ ಪಿಸಿಯಲ್ಲಿ ಆರ್ಮ್ ಪ್ರೋಗ್ರಾಂ ಸದ್ದಿಲ್ಲದೆ ಓಡಿಬಿಡುತ್ತದೆ. ಮೇಲಿನ ದೋಷಗಳೆಲ್ಲ ಅಲ್ಲಿ ಅಡಗಿ, ಬಿಲ್ಡ್ ಸರ್ವರ್‌ನಲ್ಲಿ ಎದ್ದು ನಿಲ್ಲುತ್ತವೆ. '/ಪ್ರಾಕ್/ಸಿಸ್/ಎಫ್‌ಎಸ್/ಬಿನ್‌ಎಫ್‌ಎಂಟಿ_ಮಿಸ್ಕ್' ಒಳಗೆ 'ಕ್ಯೂಎಂಯು-ಆರ್ಮ್' ಇದೆಯೇ ನೋಡಿ.

ತಮ್ಮದೇ ದಾರಿಯ ಪ್ಯಾಕೇಜುಗಳು

'ಕಾನ್ಫಿಗರ್' ಎಂಬ ಹೆಸರಿದ್ದದ್ದೆಲ್ಲ ಆಟೋಕಾನ್ಫ್ ಅಲ್ಲ. ಝಡ್‌ಲಿಬ್‌ನದು ಕೈಯಲ್ಲಿ ಬರೆದ ಸ್ಕ್ರಿಪ್ಟು, '--ಹೋಸ್ಟ್' ಕೊಟ್ಟರೆ ಗೊತ್ತಿಲ್ಲದ ಆಯ್ಕೆ ಎನ್ನುತ್ತದೆ; ಅದಕ್ಕೆ 'ಸಿಹೋಸ್ಟ್=ಆರ್ಮ್-ಲಿನಕ್ಸ್-ಗ್ನುಇಎಬಿಐಎಚ್‌ಎಫ್' ಎಂದು ಮುಂದೆ ಬರೆಯಬೇಕು. ಓಪನ್‌ಎಸ್‌ಎಸ್‌ಎಲ್‌ಗೆ ದೊಡ್ಡ ಸಿ ಅಕ್ಷರದ 'ಕಾನ್ಫಿಗರ್', 32 ಬಿಟ್ ಆರ್ಮ್‌ಗೆ 'ಲಿನಕ್ಸ್-ಆರ್ಮ್‌ವಿ4', 64 ಬಿಟ್‌ಗೆ 'ಲಿನಕ್ಸ್-ಎಆರ್ಚ್64'. ಜೊತೆಗೆ '--ಕ್ರಾಸ್-ಕಂಪೈಲ್-ಪ್ರಿಫಿಕ್ಸ್', ಕೊನೆಯ ಅಡ್ಡಗೆರೆ ಸಹಿತ. ಪರಿಸರದಲ್ಲಿ 'ಸಿಸಿ'ಯೂ ಇದ್ದರೆ 'ಆರ್ಮ್-ಲಿನಕ್ಸ್-ಗ್ನುಇಎಬಿಐಎಚ್‌ಎಫ್-' ಎಂಬುದು ಎರಡೆರಡು ಸಲ ಅಂಟಿದ ಕಂಪೈಲರ್ ಹೆಸರು ಸಿಗಲಿಲ್ಲ ಎಂದು ದೂರು ಬರುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಒಂದು ಕಟ್ಟುನಿಟ್ಟು. '--ಪ್ರಿಫಿಕ್ಸ್' ಎಂಬುದು ಬೋರ್ಡಿನ ಮೇಲೆ ಕಡತ ಇರುವ ಜಾಗ, ಸಾಮಾನ್ಯವಾಗಿ '/ಯುಎಸ್‌ಆರ್'. ಪಿಸಿಯಲ್ಲಿ ಎಲ್ಲಿ ಕೂಡಿಡಬೇಕೋ ಅದು 'ಡೆಸ್ಟ್‌ಡಿರ್'. ಪ್ರಿಫಿಕ್ಸ್‌ಗೆ ಪಿಸಿಯ ಹೋಂ ಕೋಶ ಕೊಟ್ಟರೆ ಆ ದಾರಿ '.ಪಿಸಿ' ಕಡತಗಳಲ್ಲೂ ಪ್ರೋಗ್ರಾಂ ಒಳಗೂ ಅಚ್ಚಾಗಿ ಹೋಗುತ್ತದೆ. ಇನ್ನು ಪ್ರಿಫಿಕ್ಸ್ '/ಯುಎಸ್‌ಆರ್' ಇಟ್ಟು, ಡೆಸ್ಟ್‌ಡಿರ್ ಮರೆತು, 'ಸುಡೊ ಮೇಕ್ ಇನ್‌ಸ್ಟಾಲ್' ಒತ್ತಿದರೆ ಪಿಸಿಯ ಸ್ವಂತ ಲೈಬ್ರರಿಗಳ ಜಾಗಕ್ಕೆ ಆರ್ಮ್ ಲೈಬ್ರರಿಗಳು ಇಳಿಯುತ್ತವೆ. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಕ್ರಾಸ್ ಬಿಲ್ಡ್‌ನಲ್ಲಿ ಸುಡೊ ಎಲ್ಲಿಯೂ ಬೇಕಾಗುವುದಿಲ್ಲ.

ಹಳೆಯ ಕೋಡು, ಹೊಸ ಕಂಪೈಲರ್

ಟೂಲ್‌ಚೈನ್ ಮೇಲ್ದರ್ಜೆಗೇರಿಸಿದ ಮರುದಿನವೇ ಬಿಲ್ಡ್ ಕೆಟ್ಟರೆ ಕ್ರಾಸ್ ತನಿಖೆ ಬಿಟ್ಟು ಇಲ್ಲಿ ನೋಡಿ. 2020ರ ಜಿಸಿಸಿ 10ರಿಂದ 'ಮಲ್ಟಿಪಲ್ ಡೆಫಿನಿಷನ್' ದೋಷ ಹೆಚ್ಚಿತು: ಹೆಡರ್‌ನಲ್ಲಿ 'ಎಕ್ಸ್‌ಟರ್ನ್' ಇಲ್ಲದೆ ಬರೆದ ಗ್ಲೋಬಲ್‌ಗಳನ್ನು ಮೊದಲು ಒಂದಾಗಿಸುತ್ತಿದ್ದದ್ದು ನಿಂತಿತು. '-ಎಫ್‌ಕಾಮನ್' ತಾತ್ಕಾಲಿಕ ಮದ್ದು. 2024ರ ಜಿಸಿಸಿ 14ರಲ್ಲಿ ಘೋಷಿಸದ ಫಂಕ್ಷನ್ ಕರೆಯುವುದು ಎಚ್ಚರಿಕೆಯಿಂದ ದೋಷಕ್ಕೆ ಬಡ್ತಿ ಪಡೆಯಿತು. 2025ರ ಜಿಸಿಸಿ 15 ಸಿ23 ಮಾನಕವನ್ನೇ ರೂಢಿಯಾಗಿ ಹಿಡಿದು, 'ಬೂಲ್' ಎಂದು ತಾವೇ ಟೈಪ್ ಕಟ್ಟಿಕೊಂಡ ಹಳೆಯ ಕೋಡನ್ನು ಬೀಳಿಸಿತು; '-ಎಸ್‌ಟಿಡಿ=ಗ್ನು17' ಕೊಟ್ಟರೆ ಎದ್ದು ನಿಲ್ಲುತ್ತದೆ.

ಇವುಗಳಲ್ಲಿ ಜಿಸಿಸಿ 14ರದು ಕಳ್ಳದಾರಿಯಲ್ಲಿ ಬರುತ್ತದೆ. ಹಳೆಯ ಕಾನ್ಫಿಗರ್ ಸ್ಕ್ರಿಪ್ಟಿನ ಪುಟ್ಟ ಪರೀಕ್ಷೆಗಳೂ ಅದೇ ಅಜಾಗರೂಕತೆಯಲ್ಲಿ ಬರೆದವು. ಅವು ಕಂಪೈಲ್ ಆಗದೆ ಸೋತು, ಬೋರ್ಡಿನಲ್ಲಿರುವ ಸೌಲಭ್ಯವೂ 'ಇಲ್ಲ' ಎಂದು ದಾಖಲಾಗುತ್ತದೆ. ಬಿಲ್ಡ್ ನಿಲ್ಲುವುದೇ ಇಲ್ಲ. ಎರಡು ಟೂಲ್‌ಚೈನ್‌ಗಳಿಂದ ಬಂದ 'ಕಾನ್ಫಿಗ್.ಎಚ್' ಕಡತಗಳನ್ನು 'ಡಿಫ್' ಹಾಕಿ ನೋಡಿದರೆ ಸಿಕ್ಕಿಬೀಳುತ್ತದೆ. ಘೋಷಣೆಯಿಲ್ಲದ ಫಂಕ್ಷನ್ ದೋಷವನ್ನು ಫ್ಲ್ಯಾಗ್ ಹಾಕಿ ಮುಚ್ಚಬೇಡಿ, ಹೆಡರ್ ಸೇರಿಸಿ: 64 ಬಿಟ್ ಬೋರ್ಡಿನಲ್ಲಿ ಪಾಯಿಂಟರ್ ಹಿಂತಿರುಗಿಸುವ ಫಂಕ್ಷನ್ನನ್ನು ಕಂಪೈಲರ್ 32 ಬಿಟ್ ಇಂಟ್ ಎಂದು ಊಹಿಸಿ, ವಿಳಾಸದ ಅರ್ಧ ಕತ್ತರಿಸಿಬಿಡುತ್ತದೆ.

ಕರೆಂಟು, ನೆಟ್ಟು, ರ‍್ಯಾಮು

ಬಿಲ್ಡ್ ಮಧ್ಯೆ ಕರೆಂಟು ಹೋಗಿ ಪಿಸಿ ಆರಿದರೆ ಅರ್ಧ ಬರೆದ '.ಓ' ಕಡತ ಸೊನ್ನೆ ಬೈಟ್‌ನಲ್ಲಿ ಉಳಿಯಬಹುದು. ಕಂಟ್ರೋಲ್-ಸಿ ಒತ್ತಿದಾಗ ಮೇಕ್ ಅಂಥದನ್ನು ತಾನೇ ಅಳಿಸುತ್ತದೆ, ಕರೆಂಟು ಹೋದಾಗ ಅಳಿಸಲು ಅದೇ ಇರುವುದಿಲ್ಲ. ಮುಂದಿನ ಬಿಲ್ಡ್‌ನಲ್ಲಿ ಕಡತ ಹೊಸದೆಂದೇ ನಂಬಿ ಲಿಂಕ್‌ಗೆ ಹೋಗುತ್ತದೆ: 'ಫೈಲ್ ನಾಟ್ ರೆಕಗ್ನೈಸ್ಡ್: ಫೈಲ್ ಟ್ರಂಕೇಟೆಡ್'. 'ಫೈಂಡ್'ಗೆ '-ಸೈಜ್ 0' ಕೊಟ್ಟು ಖಾಲಿ '.ಓ' ಕಡತಗಳನ್ನು ಹುಡುಕಿ ಅಳಿಸಿ. ಬಿಲ್ಡ್‌ರೂಟ್‌ನಲ್ಲಿ ಆ ಪ್ಯಾಕೇಜಿಗೆ 'ಡಿರ್‌ಕ್ಲೀನ್', ಯೋಕ್ಟೊದಲ್ಲಿ 'ಕ್ಲೀನ್‌ಎಸ್‌ಸ್ಟೇಟ್'. ಇಡೀ ಬಿಲ್ಡ್ ಅಳಿಸುವ ಅಗತ್ಯ ಬರುವುದು ಅಪರೂಪ.

'ನಾಟ್ ಇನ್ ಜಿಝಿಪ್ ಫಾರ್ಮ್ಯಾಟ್' ಎಂದರೆ ಡೌನ್‌ಲೋಡ್ ಆದ ಕಡತಕ್ಕೆ 'ಫೈಲ್' ಆಜ್ಞೆ ಕೊಡಿ. ಎಷ್ಟೋ ಸಲ ಅದು ಎಚ್‌ಟಿಎಂಎಲ್. ಹಾಸ್ಟೆಲ್ ವೈಫೈನ ಲಾಗಿನ್ ಪುಟ ಟಾರ್ ಕಡತದ ಹೆಸರು ಹೊತ್ತು ಕೂತಿರುತ್ತದೆ. 'ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್' ಎಂದರೆ ರ‍್ಯಾಮ್ ಮುಗಿದಿದೆ. ಕರ್ನಲ್‌ನ ಸಂದೇಶ ತೋರಿಸುವ 'ಡಿಎಂಇಎಸ್‌ಜಿ' ನೋಡಿ ಖಚಿತ ಮಾಡಿಕೊಂಡು '-ಜೆ' ಇಳಿಸಿ.

ಬಿಲ್ಡ್ ಆಯಿತು, ಬೋರ್ಡಿನಲ್ಲಿ ಓಡುತ್ತಿಲ್ಲ

ಕಡತ ಎದುರಿಗೇ ಇದೆ, 'ಎಲ್‌ಎಸ್'ನಲ್ಲಿ ಕಾಣುತ್ತದೆ, ಓಡಿಸಿದರೆ 'ನಾಟ್ ಫೌಂಡ್'. ಸಿಗದಿರುವುದು ಆ ಕಡತವಲ್ಲ, ಅದನ್ನು ಎತ್ತಿ ಓಡಿಸುವ ಲೋಡರ್. 'ರೀಡ್‌ಎಲ್ಫ್ -ಎಲ್' (ಸಣ್ಣ ಅಕ್ಷರದ್ದು) ಕೊಟ್ಟರೆ 'ರಿಕ್ವೆಸ್ಟಿಂಗ್ ಪ್ರೋಗ್ರಾಂ ಇಂಟರ್‌ಪ್ರಿಟರ್' ಎಂದು ಹೆಸರು ಹೇಳುತ್ತದೆ. ಹಾರ್ಡ್ ಫ್ಲೋಟ್ ಗ್ಲಿಬ್‌ಸಿಗೆ '/ಲಿಬ್/ಎಲ್‌ಡಿ-ಲಿನಕ್ಸ್-ಆರ್ಮ್‌ಎಚ್‌ಎಫ್.ಎಸ್‌ಓ.3', ಸಾಫ್ಟ್‌ಗೆ '/ಲಿಬ್/ಎಲ್‌ಡಿ-ಲಿನಕ್ಸ್.ಎಸ್‌ಓ.3', ಇನ್ನೊಂದು ಸಿ ಲೈಬ್ರರಿಯಾದ ಮಸ್ಲ್‌ಗೆ '/ಲಿಬ್/ಎಲ್‌ಡಿ-ಮಸ್ಲ್-ಆರ್ಮ್‌ಎಚ್‌ಎಫ್.ಎಸ್‌ಓ.1'. ಬೋರ್ಡಿನಲ್ಲಿ ಯಾವುದಿದೆಯೋ ಅದಕ್ಕೆ ತಕ್ಕ ಟೂಲ್‌ಚೈನ್ ಹಿಡಿಯಿರಿ. ಬೇಕಾದ ಹೆಸರಿನಲ್ಲಿ ಸಿಂಬಾಲಿಕ್ ಲಿಂಕ್ ಕೊಟ್ಟು ದಾಟಿಸುವ ಸಲಹೆ ಸಿಗುತ್ತದೆ. ಫ್ಲೋಟ್ ಬಗೆ ಬೇರೆಯಾದರೆ ಓಡಿದಂತೆ ಕಂಡು ದಶಾಂಶದ ಲೆಕ್ಕವೆಲ್ಲ ತಪ್ಪಬಹುದು. ಅಳತೆಯ ಪೆಟ್ಟಿಗೆಗೆ ಇದಕ್ಕಿಂತ ಕೆಟ್ಟದ್ದಿಲ್ಲ.

'ವರ್ಷನ್ ಗ್ಲಿಬ್‌ಸಿ_2.34 ನಾಟ್ ಫೌಂಡ್' ಎಂದರೆ ಟೂಲ್‌ಚೈನ್‌ನ ಗ್ಲಿಬ್‌ಸಿ ಬೋರ್ಡಿನದಕ್ಕಿಂತ ಹೊಸದು. 2021ರ ಆ 2.34ರಲ್ಲಿ ಪಿಥ್ರೆಡ್ ಲೈಬ್ರರಿ ಮುಖ್ಯ ಲಿಬ್‌ಸಿಯೊಳಗೆ ಸೇರಿತು, ಪ್ರೋಗ್ರಾಂ ಶುರುವಾಗುವ ಸಿಂಬಲ್‌ಗೂ ಹೊಸ ಆವೃತ್ತಿ ಬಂತು. ಹಾಗಾಗಿ ಏನೂ ವಿಶೇಷ ಬಳಸದ ಪ್ರೋಗ್ರಾಂ ಕೂಡ 2.34 ಕೇಳುತ್ತದೆ. ಹೊಸ ಗ್ಲಿಬ್‌ಸಿ ಮೇಲೆ ಹಳೆಯ ಪ್ರೋಗ್ರಾಂ ಓಡುತ್ತದೆ, ಉಲ್ಟಾ ಓಡದು. ಬೋರ್ಡಿನ ಇಮೇಜ್ ಕಟ್ಟಿದ ಟೂಲ್‌ಚೈನ್‌ನಿಂದಲೇ ಪ್ಯಾಕೇಜ್ ಕಟ್ಟಿ. ಬೋರ್ಡಿಗೆ ಲಿಬ್‌ಸಿ.ಎಸ್‌ಓ.6 ಒಂದನ್ನೇ ನಕಲಿಸಲು ಹೋದರೆ ಎಲ್‌ಎಸ್ ಕೂಡ ಓಡದ ಸ್ಥಿತಿ ತಲುಪಬಹುದು.

'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಸತ್ತರೆ ಸಿಪಿಯು ಫ್ಲ್ಯಾಗ್ ನೋಡಿ. ಬೇರೆ ಬೋರ್ಡಿಗೆಂದು ಬರೆದ '-ಎಂಸಿಪಿಯು=ಕಾರ್ಟೆಕ್ಸ್-ಎ7' ಉಳಿದಿದ್ದರೆ ಕಾರ್ಟೆಕ್ಸ್-ಎ8 ಮೇಲೆ ಮೊದಲ ಪೂರ್ಣಾಂಕ ಭಾಗಾಕಾರಕ್ಕೇ ಬೀಳುತ್ತದೆ: ಎ7ನಲ್ಲಿ ಭಾಗಾಕಾರದ ಸೂಚನೆ ಯಂತ್ರಾಂಶದಲ್ಲೇ ಇದೆ, ಎ8ನಲ್ಲಿ ಇಲ್ಲ. ಸಂಖ್ಯೆ ಸಣ್ಣದಾದರೆ ಚಿಪ್ಪೂ ಹಳೆಯದು ಎಂದು ಊಹಿಸಬೇಡಿ. ಆರ್ಮ್‌ವಿ6 ಚಿಪ್ಪಿನ ಮೊದಲ ರಾಸ್ಪ್‌ಬೆರಿ ಪೈ, ಪೈ ಝೀರೋಗಳಲ್ಲಿ ಉಬುಂಟುವಿನ ಸಿದ್ಧ ಆರ್ಮ್‌ಎಚ್‌ಎಫ್ ಕಂಪೈಲರ್ ಕೊಟ್ಟ ಪ್ರೋಗ್ರಾಂ ಬೀಳುವುದೂ ಇದೇ ಕಾರಣಕ್ಕೆ. ಅದು ಆರ್ಮ್‌ವಿ7 ಎಂದು ಭಾವಿಸಿಯೇ ಕೋಡ್ ಹುಟ್ಟಿಸುತ್ತದೆ.

ಪೆಟ್ಟಿಗೆ ಮದ್ದೂರಿನ ಬಸ್ಸು ಹತ್ತುವ ಮುನ್ನ ಡೆಸ್ಟ್‌ಡಿರ್ ಕೋಶದ ಪ್ರತಿ ಎಲ್ಫ್ ಕಡತಕ್ಕೂ (ಪ್ರೋಗ್ರಾಂ, ಲೈಬ್ರರಿಗಳು) ಒಂದು ಲೂಪ್ ಹಾಕಿ: 'ರೀಡ್‌ಎಲ್ಫ್ -ಎಚ್'ನಲ್ಲಿ ಮಶೀನ್ ಆರ್ಮ್ ಇದೆಯೇ, 'ರೀಡ್‌ಎಲ್ಫ್ -ಡಿ'ಯಲ್ಲಿ 'ನೀಡೆಡ್' ಎಂದು ಕೇಳಿದ ಪ್ರತಿ ಲೈಬ್ರರಿ ಇಮೇಜ್‌ನಲ್ಲಿದೆಯೇ, ಲೈಬ್ರರಿ ಹುಡುಕುವ ದಾರಿ ಹೇಳುವ 'ಆರ್‌ಪಾತ್' ಅಥವಾ 'ರನ್‌ಪಾತ್' ಸಾಲಿನಲ್ಲಿ ಪಿಸಿಯ '/ಹೋಂ' ಎಲ್ಲಾದರೂ ಇಣುಕುತ್ತಿದೆಯೇ. ಇಣುಕಿದ ಕಡತದ ಪ್ಯಾಕೇಜನ್ನು ಡಿರ್‌ಕ್ಲೀನ್ ಮಾಡಿ, ಕಾನ್ಫಿಗ್.ಲಾಗ್ ತೆರೆದು, ತಲೆಯ ಕಡೆಯಿಂದ ಓದಲು ಶುರುಮಾಡಿ.